ಕಾಳು ಎಲ್ಲಿ ಬೀಳಬೇಕು? ಕುದುರೆ ಎಳೆದ ಜೋಳದ ಯಂತ್ರದ ಒಂದು ಪ್ರಕರಣ

ಕನ್ನಡದಲ್ಲಿ ಬಿತ್ತುವುದು ಬೇರೆ, ಊರುವುದು ಬೇರೆ. ರಾಗಿ ಬಿತ್ತುತ್ತೇವೆ, ಕುಂಬಳದ ಬೀಜ ಊರುತ್ತೇವೆ. ಬಿತ್ತುವಾಗ ಕಾಳು ಸಾಲಿನ ಉದ್ದಕ್ಕೆ ಎಲ್ಲಾದರೂ ಬೀಳಲಿ, ಸಾಲು ತಪ್ಪದಿದ್ದರೆ ಸಾಕು. ಊರುವಾಗ ಇಂಥದೇ ಜಾಗ, ಇಷ್ಟೇ ಕಾಳು ಎಂಬ ಲೆಕ್ಕ ಇರುತ್ತದೆ. ಕೈಯಲ್ಲಿ ಮಾಡುವಾಗ ಇದು ದೊಡ್ಡ ವ್ಯತ್ಯಾಸ ಅನಿಸುವುದಿಲ್ಲ. ಯಂತ್ರ ಕಟ್ಟಲು ಕೂತಾಗ ಗೊತ್ತಾಗುತ್ತದೆ.

ನಮ್ಮ ಕೂರಿಗೆ ಬಿತ್ತುವ ಸಾಧನ. ಎತ್ತು ಎಳೆಯುತ್ತದೆ, ತಾಳುಗಳು ಸಾಲು ಕೊರೆಯುತ್ತವೆ, ಹಿಂದೆ ನಡೆಯುವ ಹೆಂಗಸು ಬಟ್ಟಲಿಗೆ ಕಾಳು ಬಿಡುತ್ತಾಳೆ. ಕಾಳು ಬಿದಿರಿನ ಕೊಳವೆಯೊಳಗೆ ಇಳಿದು ಮಣ್ಣಿಗೆ ಸೇರುತ್ತದೆ. ಎಷ್ಟು ಕಾಳು ಬೀಳಬೇಕು ಅನ್ನುವುದು ಅವಳ ಬೆರಳಿಗೆ ಗೊತ್ತು. ಆ ಬೆರಳಿನ ಕೆಲಸವನ್ನು ಮರ, ಕಬ್ಬಿಣಕ್ಕೆ ಕಲಿಸಲು ಹೊರಟರೆ ಎಷ್ಟು ಪಾಡು ಅನ್ನುವುದಕ್ಕೆ ಒಂದು ಒಳ್ಳೆಯ ಉದಾಹರಣೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿದೆ. ಬೆಳೆ ಮೆಕ್ಕೆಜೋಳ (ಮುಂದೆ ಜೋಳ ಎಂದರೆ ಇದೇ), ಎಳೆಯುವುದು ಕುದುರೆ, ಕಾಲ 1850ರಿಂದ ಮುಂದಿನ ಸುಮಾರು ನೂರು ವರ್ಷ.

ಹೊಲದ ಪರಿಸ್ಥಿತಿ

ಇಲಿನಾಯ್ ಎಂದರೆ ಆಳೆತ್ತರದ ಹುಲ್ಲು ಬೆಳೆದಿದ್ದ ಬಯಲು, ಕಪ್ಪು ಮಣ್ಣು, ಮಣ್ಣಿನ ತುಂಬ ಬೇರು. ಹಳೆಯ ನೇಗಿಲಿಗೆ ಅಂಟಿಕೊಳ್ಳುತ್ತಿದ್ದ ಆ ಮಣ್ಣನ್ನು ಉಳಲು 1837ರಲ್ಲಿ ಜಾನ್ ಡೀರ್ ಎಂಬ ಕಮ್ಮಾರ ನುಣುಪು ಉಕ್ಕಿನ ನೇಗಿಲು ಮಾಡಿದ. ಉಳುಮೆ ಸಲೀಸಾಯಿತು. ಒಂದು ಮನೆಯವರು ಉಳಬಹುದಾದ ನೆಲ ಜಾಸ್ತಿ ಆಯಿತು. ಆದರೆ ಉತ್ತಷ್ಟು ನೆಲಕ್ಕೆ ಮೇ ತಿಂಗಳು ಮುಗಿಯುವುದರೊಳಗೆ ಜೋಳ ಊರಬೇಕಲ್ಲ, ಅದಕ್ಕೆ ಕೈಗಳೇ ಇಲ್ಲ.

ಜೋಳ ಊರುವ ಕ್ರಮ ಹೀಗಿತ್ತು. ಹೊಲದ ಮೇಲೆ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಗೆರೆ ಎಳೆಯುವುದು. ಗೆರೆಯಿಂದ ಗೆರೆಗೆ ಮೂರೂವರೆ ಅಡಿ. ಎರಡು ಗೆರೆ ಕೂಡುವ ಕಡೆ ಮೂರು ನಾಲ್ಕು ಕಾಳು ಹಾಕಿ, ಸನಿಕೆಯಿಂದ ಮಣ್ಣು ಎಳೆದು ಮುಚ್ಚುವುದು. ಕಾಗೆಗೆ ಒಂದು, ಹುಳಕ್ಕೆ ಒಂದು, ಉಳಿದದ್ದು ನಮಗೆ ಅನ್ನುವಂಥ ಮಾತು ಅಲ್ಲಿನ ರೈತರಲ್ಲೂ ಇತ್ತು.

ಮೂರೂವರೆ ಅಡಿಯೇ ಏಕೆ? ಗಿಡಕ್ಕೆ ಅಷ್ಟು ಜಾಗ ಬೇಕಂತಲ್ಲ. ಕುದುರೆಗೆ ಬೇಕು. ಸಾಲಿನ ನಡುವೆ ಕುದುರೆ ನಡೆದು ಎಡೆ ಹೊಡೆಯಬೇಕು, ಅಂದರೆ ಕಳೆ ಕೀಳುವ ಕುಂಟೆ ಎಳೆಯಬೇಕು. ಚೌಕುಳಿಯಂತೆ ಊರಿದ್ದರೆ ಉದ್ದಕ್ಕೂ ಹೊಡೆಯಬಹುದು, ಅಡ್ಡಕ್ಕೂ ಹೊಡೆಯಬಹುದು. ಗಿಡದ ನಾಲ್ಕೂ ಮಗ್ಗುಲಿನ ಕಳೆ ಹೋಗುತ್ತದೆ, ಕೈಯಲ್ಲಿ ಕೀಳುವ ಕೆಲಸ ಬಹುಪಾಲು ತಪ್ಪುತ್ತದೆ. ಕಳೆನಾಶಕ ಇಲ್ಲದ ಕಾಲ ಅದು, ನೆನಪಿರಲಿ.

ಈ ಲೆಕ್ಕಾಚಾರ ನಮಗೆ ಹೊಸದಲ್ಲ. ಹಾವೇರಿ ಕಡೆಯ ಗುಳಿ ರಾಗಿಯಲ್ಲಿ ಇದೇ ಇದೆ. ಎತ್ತು ಕಟ್ಟಿ ಹೊಲದ ಉದ್ದಗಲಕ್ಕೆ ಸುಮಾರು ಒಂದೂವರೆ ಅಡಿಗೊಂದು ಸಾಲು ಎಳೆದು, ಸಾಲು ಕೂಡುವ ಕಡೆ ಪೈರು ನೆಟ್ಟು, ಆಮೇಲೆ ಎರಡೂ ದಿಕ್ಕಿಗೆ ಎಡೆಕುಂಟೆ ಹೊಡೆಯುತ್ತಾರೆ. ಇಲಿನಾಯ್‌ನವರು ಇದನ್ನು ನೋಡಿ ಕಲಿತವರಲ್ಲ, ನಾವೂ ಅವರಿಂದ ಕಲಿತದ್ದಲ್ಲ. ಕಳೆ ಎರಡೂ ಕಡೆ ಒಂದೇ ಪಾಠ ಹೇಳಿತ್ತು ಅಷ್ಟೇ.

ಈಗ ಎಕರೆಯ ಲೆಕ್ಕ ನೋಡಿ. ಮೂರೂವರೆ ಅಡಿಗೆ ಮೂರೂವರೆ ಅಡಿ ಎಂದರೆ ಒಂದು ಗುಣಿಗೆ 12.25 ಚದರ ಅಡಿ. ಎಕರೆಗೆ 43,560 ಚದರ ಅಡಿ. ಅಂದರೆ 3,500ಕ್ಕೂ ಹೆಚ್ಚು ಗುಣಿ. ಅಷ್ಟು ಸಲ ಬಗ್ಗಿ ಕಾಳು ಹಾಕಬೇಕು, ಅಷ್ಟು ಸಲ ಮಣ್ಣು ಮುಚ್ಚಬೇಕು. ಸಾಲಿನುದ್ದಕ್ಕೆ ನಡೆಯುವ ದೂರ ಎಕರೆಗೆ ನಾಲ್ಕು ಕಿಲೋಮೀಟರಿಗೆ ಹತ್ತಿರ. ನಲವತ್ತು ಎಕರೆಯವನ ಪಾಡು ಏನು ಅಂತ ನೀವೇ ಗುಣಿಸಿಕೊಳ್ಳಿ.

ಬಡಗಿಯ ಯಂತ್ರ

ಜಾರ್ಜ್ ಬ್ರೌನ್ ಹುಟ್ಟಿದ್ದು 1815ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ. ಕಸುಬು ಬಡಗಿತನ. 1836ರಲ್ಲಿ ಇಲಿನಾಯ್‌ಗೆ ಬಂದು ಬೇಸಾಯವನ್ನೂ ಹಿಡಿದ. ಈ ಎರಡು ಕಸುಬಿನ ಜೋಡಿ ಮುಖ್ಯ. ಹೊಲದ ತಾಪತ್ರಯ ಗೊತ್ತಿದ್ದವನ ಕೈಯಲ್ಲೇ ಉಳಿ, ಬಾಚಿಯೂ ಇದ್ದವು. 1853ರ ಆಗಸ್ಟ್‌ನಲ್ಲಿ ಆತನ ಜೋಳ ಊರುವ ಯಂತ್ರಕ್ಕೆ ಪೇಟೆಂಟ್ ಸಿಕ್ಕಿತು. ಮುಂದೆ ಗೇಲ್ಸ್‌ಬರ್ಗ್ ಊರಿನಲ್ಲಿ ಕಾರ್ಖಾನೆ ಎದ್ದಿತು.

ಯಂತ್ರವನ್ನು ಬಿಡಿಬಿಡಿಯಾಗಿ ನೋಡಿದರೆ ಅಂಥ ಅಚ್ಚರಿ ಏನಿಲ್ಲ. ಎರಡು ಕುದುರೆ, ಎರಡು ಸಾಲು. ಮುಂದೆ ಎರಡು ಅಲಗು. ಇವು ನೇಗಿಲಿನ ಕುಳದಂತೆ ಚುಚ್ಚುವುದಿಲ್ಲ. ಹಿಮದ ಮೇಲೆ ಜಾರುವ ಗಾಡಿಯ ಪಟ್ಟಿಯಂತೆ ಮುಂದಕ್ಕೆ ಬಾಗಿ, ಮಣ್ಣನ್ನು ಸೀಳುತ್ತಾ ಜಾರುತ್ತವೆ. ಬೇರು, ಹುಲ್ಲಿನ ಕಸ ಅಡ್ಡ ಬಂದರೆ ಚೂಪಾದ ತಾಳು ಸಿಕ್ಕಿಕೊಳ್ಳುತ್ತದೆ. ಬಾಗಿದ ಅಲಗು ಅದರ ಮೇಲೆ ಹತ್ತಿ ಇಳಿಯುತ್ತದೆ. ಅಲಗಿನ ಹಿಂಬದಿ ಕಾಳು ಇಳಿಯುವ ದಾರಿ. ಅದರ ಹಿಂದೆ, ಅದೇ ಸಾಲಿನ ಮೇಲೆ ಉರುಳುವ ಅಗಲ ಗಾಲಿ. ಗಾಲಿ ಬರೀ ಭಾರ ಹೊರುವುದಕ್ಕಲ್ಲ. ಬಿದ್ದ ಕಾಳಿನ ಮೇಲೆ ಮಣ್ಣು ಮುಚ್ಚಿ ಒತ್ತುತ್ತದೆ. ಒತ್ತಿದ ಮಣ್ಣಿನಲ್ಲಿ ಕಾಳಿಗೆ ತೇವ ಬೇಗ ತಾಕುತ್ತದೆ, ಮೊಳಕೆ ಒಟ್ಟಿಗೆ ಬರುತ್ತದೆ. ಸನಿಕೆ ಹಿಡಿದವನು ಕಾಲಿನಲ್ಲಿ ಒಮ್ಮೆ ತುಳಿದು ಮುಂದೆ ಹೋಗುತ್ತಿದ್ದನಲ್ಲ, ಆ ತುಳಿತವೇ ಈ ಗಾಲಿ.

ನನಗೆ ಹೆಚ್ಚು ಇಷ್ಟವಾದದ್ದು ನಡುವಿನ ಕೀಲು. ಮುಂದಿನ ಚೌಕಟ್ಟಿನಲ್ಲಿ ಅಲಗು, ಹಿಂದಿನದರಲ್ಲಿ ಗಾಲಿ. ಎರಡನ್ನೂ ಗಟ್ಟಿಯಾಗಿ ಬಿಗಿದರೆ ಹೊಲದ ಏರುತಗ್ಗಿನಲ್ಲಿ ಅಲಗು ಒಮ್ಮೆ ಆಳಕ್ಕೆ ಹೋಗುತ್ತದೆ, ಒಮ್ಮೆ ಗಾಳಿಯಲ್ಲಿ ತೂಗುತ್ತದೆ. ಕೀಲು ಇದ್ದರೆ ಮುಂದಿನದು ತನ್ನ ಪಾಡಿಗೆ ನೆಲ ಅನುಸರಿಸುತ್ತದೆ. ಸಾಲಿನ ಕೊನೆಗೆ ತಿರುಗಿಸುವಾಗ ಸನ್ನೆಕೋಲಿನಿಂದ ಅಲಗನ್ನು ಮೇಲೆತ್ತಲೂ ಬರುತ್ತದೆ. ಇಷ್ಟು ಸಣ್ಣ ವಿಷಯ ಅಲ್ವಾ? ಆದರೆ ಎಲ್ಲ ಕಾಳೂ ಒಂದೇ ಆಳಕ್ಕೆ ಬೀಳುವುದು ಇದರಿಂದಲೇ.

ಇನ್ನು ಮುಖ್ಯ ಪ್ರಶ್ನೆ. ಕಾಳು ಯಾವಾಗ ಬೀಳಬೇಕು? ಅದಕ್ಕೆ ಬ್ರೌನ್‌ನ ಉತ್ತರ ಒಬ್ಬ ಹುಡುಗ. ಯಂತ್ರದ ಮೇಲೆ ಎರಡು ಆಸನ. ಒಂದರಲ್ಲಿ ಲಗಾಮು ಹಿಡಿದವನು, ಇನ್ನೊಂದರಲ್ಲಿ ಕಾಳು ಬಿಡುವ ಹುಡುಗ. ಹೊಲಕ್ಕೆ ಮೊದಲೇ ಒಂದು ದಿಕ್ಕಿನಲ್ಲಿ ಗೆರೆ ಎಳೆದಿರುತ್ತಾರೆ. ಯಂತ್ರ ಆ ಗೆರೆಗಳಿಗೆ ಅಡ್ಡವಾಗಿ ಹೋಗುತ್ತದೆ. ಗೆರೆ ಬಂದಾಗ ಹುಡುಗ ಸನ್ನೆ ಎಳೆಯುತ್ತಾನೆ. ಸಾಲಿಗೊಂದರಂತೆ ಇರುವ ಕಾಳಿನ ಬುಟ್ಟಿ ಎರಡರ ತಳದ ತೂತಿನ ಹಲಗೆಯೂ ಒಟ್ಟಿಗೆ ಸರಿಯುತ್ತದೆ. ಎರಡೂ ಸಾಲಿಗೆ ಒಟ್ಟಿಗೆ ಕಾಳು ಬೀಳುತ್ತದೆ.

ಕುದುರೆ ಗಂಟೆಗೆ ನಾಲ್ಕು ಕಿಲೋಮೀಟರ್ ನಡೆದರೆ ಸೆಕೆಂಡಿಗೆ 110 ಸೆಂಟಿಮೀಟರ್. ಮೂರೂವರೆ ಅಡಿ ಎಂದರೆ 107. ಅಂದರೆ ಹುಡುಗ ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಗೆರೆ ನೋಡಿ ಸನ್ನೆ ಎಳೆಯಬೇಕು, ದಿನವಿಡೀ. ಅದಕ್ಕೆ ಪ್ರತಿಫಲವಾಗಿ ತಿರುವು, ವಿಶ್ರಾಂತಿ ಬಿಟ್ಟರೆ ಎಕರೆಗೆ ಬರೀ ಅರ್ಧ ಗಂಟೆ.

ಜಾರಿದ ಗುಣಿಗಳು

ಇಲ್ಲಿ ಒಂದು ತೊಡಕು ಇದೆ. ಸುಮ್ನೆ ನೋಡಿದರೆ ಕಾಣುವುದಿಲ್ಲ.

ಬುಟ್ಟಿ ನೆಲದಿಂದ ಎರಡು ಅಡಿ ಎತ್ತರದಲ್ಲಿದೆ ಎಂದುಕೊಳ್ಳಿ. ಅಷ್ಟು ಎತ್ತರದಿಂದ ಕಾಳು ಕೆಳಗೆ ಬರಲು ಸುಮಾರು 0.35 ಸೆಕೆಂಡ್ ಬೇಕು. ಅಷ್ಟರಲ್ಲಿ ಯಂತ್ರ 15 ಇಂಚು ಮುಂದೆ ಹೋಗಿರುತ್ತದೆ. ಗೆರೆಯ ಮೇಲೆ ಬಿಟ್ಟ ಕಾಳು ಗೆರೆ ದಾಟಿ 15 ಇಂಚಿಗೆ ಬಿತ್ತು. ಎಲ್ಲ ಗುಣಿಯೂ ಒಂದೇ ಕಡೆಗೆ ಜಾರಿದ್ದರೆ ತೊಂದರೆ ಇರಲಿಲ್ಲ, ಇಡೀ ಚೌಕುಳಿ ಒಟ್ಟಿಗೆ ಸರಿದಂತಾಗುತ್ತಿತ್ತು. ಆದರೆ ಯಂತ್ರ ಹೊಲದ ಆ ತುದಿಗೆ ಹೋಗಿ ತಿರುಗಿ ಬರುತ್ತದೆ. ಹೋಗುವಾಗ ಬಡಗಣಕ್ಕೆ 15 ಇಂಚು, ಬರುವಾಗ ತೆಂಕಣಕ್ಕೆ 15 ಇಂಚು. ಪಕ್ಕಪಕ್ಕದ ಸುತ್ತುಗಳ ನಡುವೆ 30 ಇಂಚಿನ ವ್ಯತ್ಯಾಸ. 42 ಇಂಚಿನ ಚೌಕುಳಿಯಲ್ಲಿ 30 ಇಂಚು ಸೊಟ್ಟಾದರೆ ಅಡ್ಡಸಾಲು ಎಲ್ಲಿ ಉಳಿಯಿತು? ಎಡೆ ಹೊಡೆಯಲು ಹೋದವನು ಬೆಳೆಯನ್ನೇ ಕಿತ್ತುಕೊಂಡು ಬರುತ್ತಾನೆ.

ಹುಡುಗ ಸ್ವಲ್ಪ ಮೊದಲೇ ಎಳೆದರೆ ಸರಿಹೋಗುತ್ತದೆ. ಕೈ ಪಳಗಿದವರು ಹಾಗೇ ಮಾಡಬೇಕಿತ್ತು. ಆದರೆ ಎಷ್ಟು ಮೊದಲು ಅನ್ನುವುದು ಕುದುರೆಯ ನಡಿಗೆಯ ಮೇಲೆ ನಿಂತಿದೆ. ಬೆಳಗಿನ ಕುದುರೆಯ ಹೆಜ್ಜೆ ಬೇರೆ, ಸಂಜೆಯದು ಬೇರೆ.

ಯಂತ್ರದ ಮಟ್ಟದಲ್ಲಿ ಬಂದ ಪರಿಹಾರ ಕೊಳವೆಯ ಕೆಳತುದಿಯಲ್ಲಿ ಇನ್ನೊಂದು ಬಾಗಿಲು. ಮೇಲಿನ ಬಾಗಿಲಿನಿಂದ ಇಳಿದ ಕಾಳು ನೆಲದ ಹತ್ತಿರ ಬಂದು ಕಾಯುತ್ತದೆ. ಸನ್ನೆ ಅಲುಗಿದಾಗ ಕೆಳಗೆ ಕಾಯುತ್ತಿದ್ದ ಕಾಳು ಮಣ್ಣಿಗೆ, ಮೇಲಿನದು ಕೆಳಬಾಗಿಲಿಗೆ. ಮೂರು ಇಂಚಿನಿಂದ ಬೀಳುವ ಕಾಳಿಗೆ 0.12 ಸೆಕೆಂಡ್ ಸಾಕು. ಜಾರುವುದು ಐದಾರು ಇಂಚು ಮಾತ್ರ. ಮೂರು ಕಾಳು ಚೆಲ್ಲಾಪಿಲ್ಲಿ ಆಗದೆ ಒಂದೇ ಗುಪ್ಪೆಯಾಗಿ ಬೀಳುವುದೂ ಇದರಿಂದಲೇ ಬಂದ ಲಾಭ.

ಕೋರ್ಟು

ಯಂತ್ರ ಓಡಿತು, ನಕಲೂ ಬಂತು. ಬ್ರೌನ್ ತನ್ನ ಪೇಟೆಂಟನ್ನು ಹಲವು ಭಾಗ ಮಾಡಿ, ಭಾಗಕ್ಕೊಂದು ಪೇಟೆಂಟಾಗಿ ಮರಳಿ ಪಡೆದಿದ್ದ. ಅದನ್ನು ಹಿಡಿದು ಬೇರೆ ತಯಾರಕರ ಮೇಲೆ ದಾವೆ ಹೂಡಿದ. ಜಗಳ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1874ರ ಆ ಪ್ರಕರಣವನ್ನು ಕಾನೂನಿನವರು 'ಕಾರ್ನ್ ಪ್ಲಾಂಟರ್ ಪೇಟೆಂಟ್' ಎಂದೇ ಕರೆಯುತ್ತಾರೆ. ತೀರ್ಪು ಬರೆದವರು ನ್ಯಾಯಮೂರ್ತಿ ಬ್ರ್ಯಾಡ್ಲಿ. ಎದುರಾಳಿಗಳ ವಾದ ಯಾರಾದರೂ ಊಹಿಸಬಹುದಾದದ್ದೇ. ಅಲಗು ಮೊದಲೇ ಇತ್ತು, ಗಾಲಿ ಮೊದಲೇ ಇತ್ತು, ಸರಿಯುವ ಹಲಗೆಯೂ ಇತ್ತು, ಇವನದ್ದೇನು? ಆದರೆ ಬಿಡಿ ಭಾಗಗಳನ್ನು ಹೊಲದಲ್ಲಿ ಕೆಲಸ ಮಾಡುವಂತೆ ಕೂಡಿಸಿದ್ದೇ ಇಲ್ಲಿನ ಕಸುಬು. ಬ್ರೌನ್‌ನ ಹಕ್ಕು ಉಳಿಯಿತು. ಕೋರ್ಟಿನ ವಿಷಯ ಇಷ್ಟಕ್ಕೆ ಬಿಡುತ್ತೇನೆ. ನಮಗೆ ಬೇಕಾದ ಕಥೆ ಹೊಲದಲ್ಲಿ ಇನ್ನೂ ಮುಗಿದಿಲ್ಲ, ಹುಡುಗ ಇನ್ನೂ ಯಂತ್ರದ ಮೇಲೆ ಕೂತಿದ್ದಾನೆ.

ಹುಡುಗನ ಜಾಗಕ್ಕೆ ತಂತಿ

ಹುಡುಗನನ್ನು ಇಳಿಸಬೇಕು ಎಂದರೆ ಗೆರೆ ನೋಡುವ ಕೆಲಸವನ್ನು ಬೇರೆ ಏನಾದರೂ ಮಾಡಬೇಕು. ಗಾಲಿಯ ಸುತ್ತಿನಿಂದ ಅಳೆದರೆ ಆಗದೇ? ಗಾಲಿ ಇಷ್ಟು ಸುತ್ತಿದರೆ ಒಂದು ಗುಣಿ ಎಂದು? ಆಗುವುದಿಲ್ಲ. ಗಾಲಿ ಮೆತ್ತನೆ ಮಣ್ಣಿನಲ್ಲಿ ಜಾರುತ್ತದೆ, ಹೆಂಟೆ ಹತ್ತಿ ಇಳಿಯುತ್ತದೆ. ಪ್ರತಿ ಗುಣಿಗೆ ಒಂದು ಇಂಚಿನ ಕಾಲು ಭಾಗ ತಪ್ಪಿದರೂ ನೂರು ಗುಣಿಗೆ 25 ಇಂಚು ತಪ್ಪಿತು. ಪಕ್ಕದ ಸುತ್ತಿನಲ್ಲಿ ತಪ್ಪು ಬೇರೆ ಕಡೆಗೆ. ಅಳತೆ ಯಂತ್ರದೊಳಗೆ ಇರಬಾರದು, ನೆಲಕ್ಕೆ ಕಟ್ಟಿರಬೇಕು.

ಈ ಯೋಚನೆಯ ಮೇಲೆ 1857ರಲ್ಲೇ ಸಿನ್ಸಿನಾಟಿಯ ರಾಬಿನ್ಸ್ ಎಂಬಾತ ಪೇಟೆಂಟ್ ಪಡೆದಿದ್ದ. ಹೊಲದ ಉದ್ದಕ್ಕೆ ಕೊಂಡಿಕೊಂಡಿಯಾದ ಸರಳಿನ ಸರಪಳಿ, ಅದರ ಮೇಲೆ ಅಳತೆಗೊಂದು ಗುಬಟು. ಗುಬಟು ಬಂದಾಗಲೆಲ್ಲ ಯಂತ್ರದ ಸನ್ನೆಗೆ ತಾಕಿ ಕಾಳು ಬೀಳುತ್ತದೆ. ತತ್ವ ಸರಿ. ಆದರೆ ಕಬ್ಬಿಣದ ಸರಪಳಿಯನ್ನು ಹೊಲವೆಲ್ಲ ಎಳೆದಾಡುವುದು ಯಾರು? 1864ರಲ್ಲಿ ಇಲಿನಾಯ್‌ನ ಅಲೀಡೊ ಊರಿನ ಥಾಮ್ಸನ್, ರಾಮ್ಸೆ ಇಬ್ಬರು ಇನ್ನೊಂದು ಸುಧಾರಣೆಗೆ ಪೇಟೆಂಟ್ ಪಡೆದರು. ರೈತರ ಕೈಗೆ ಇದನ್ನು ನಿಜವಾಗಿ ತಲುಪಿಸಿದ್ದು ಇಲಿನಾಯ್‌ನದೇ ಡಿಕೇಟರ್ ಊರಿನ ಹಾವರ್ತ್ ಮನೆತನ, 1870ರ ದಶಕದಲ್ಲಿ. ಅವರದ್ದು ಇಡೀ ಯಂತ್ರವಲ್ಲ. ರೈತನ ಬಳಿ ಮೊದಲೇ ಇರುವ ಯಂತ್ರಕ್ಕೆ ಜೋಡಿಸಿಕೊಳ್ಳುವ ಸಾಧನ. ಜಾಣತನ ಅಂದರೆ ಇದು. ಹಳೆಯದನ್ನು ಎಸೆಯಿರಿ ಅನ್ನಲಿಲ್ಲ.

ಮೊದಲು ಗಂಟು ಹಾಕಿದ ಹಗ್ಗ. ಹಗ್ಗಕ್ಕೆ ಒಂದು ದುರ್ಗುಣ. ನೆನೆದರೆ ಕುಗ್ಗುತ್ತದೆ, ಒಣಗಿದರೆ ಹಿಗ್ಗುತ್ತದೆ. ಕಾಲು ಮೈಲಿ, ಅಂದರೆ 1,320 ಅಡಿ ಹಗ್ಗ ನೂರಕ್ಕೆ ಒಂದು ಪಾಲು ಕುಗ್ಗಿದರೂ 13 ಅಡಿ ಹೋಯಿತು. ಹೆಚ್ಚುಕಡಿಮೆ ನಾಲ್ಕು ಗುಣಿಯ ಅಳತೆ. ಬೆಳಗಿನ ಇಬ್ಬನಿಯಲ್ಲಿ ಊರಿದ ಸಾಲು, ಮಧ್ಯಾಹ್ನದ ಬಿಸಿಲಿನಲ್ಲಿ ಊರಿದ ಸಾಲು ಒಂದಕ್ಕೊಂದು ಮುಖ ತಿರುಗಿಸಿಕೊಂಡು ನಿಲ್ಲುತ್ತವೆ. ಹಾಗಾಗಿ ಹಗ್ಗ ಹೋಗಿ ಕಬ್ಬಿಣದ ತಂತಿ ಬಂತು. ಕಾಲು ಮೈಲಿಯ ತಂತಿಗೆ 377 ಗುಬಟು.

ಕೆಲಸದ ಕ್ರಮ ಹೀಗೆ. ಹೊಲದ ಎರಡೂ ತುದಿಗೆ ಗೂಟ ಹೊಡೆದು ತಂತಿ ಬಿಗಿಯುವುದು. ಯಂತ್ರದ ಮಗ್ಗುಲಿನ ರಾಟೆಗಳ ನಡುವೆ ತಂತಿ ಹಾಯುತ್ತದೆ. ಕವಲೊಡೆದ ಸನ್ನೆಯೊಂದು ತಂತಿಯನ್ನು ತಬ್ಬಿಕೊಂಡಿರುತ್ತದೆ. ತಂತಿ ಕವಲಿನ ಸಂದಿನಲ್ಲಿ ತೂರಿ ಹೋಗುತ್ತದೆ, ಗುಬಟು ತೂರುವುದಿಲ್ಲ. ಸನ್ನೆಯನ್ನು ಹಿಂದಕ್ಕೆ ತಳ್ಳಿ, ಬಾಗಿಲು ತೆರೆಸಿ, ತಪ್ಪಿಸಿಕೊಂಡು ಹೋಗುತ್ತದೆ. ಟಕ್ ಎಂದು ಸದ್ದು. ಮುಂದಿನ ಗುಬಟಿಗೆ ಇನ್ನೊಂದು ಟಕ್. ಸಾಲು ಮುಗಿದಾಗ ಇಳಿದು, ಗೂಟ ಕಿತ್ತು, ಮುಂದಿನ ಸುತ್ತಿಗೆ ಸರಿಸಿ ಹೊಡೆದು, ತಂತಿ ಮತ್ತೆ ಬಿಗಿದು ಹೊರಡುವುದು. ಮೊದಲೇ ಗೆರೆ ಎಳೆಯುವ ಕೆಲಸ ತಪ್ಪಿತು. ಹುಡುಗನೂ ಇಳಿದ. ಒಬ್ಬ ಆಳು, ಎರಡು ಕುದುರೆ, ಅಷ್ಟೇ.

ಆದರೆ ಹುಡುಗನ ಜೊತೆ ಕಷ್ಟವೂ ಇಳಿಯಿತು ಅಂದುಕೊಳ್ಳಬೇಡಿ. ಅದು ಜಾಗ ಬದಲಿಸಿತು. ಪ್ರತಿ ಸಲವೂ ತಂತಿಯನ್ನು ಅಷ್ಟೇ ಬಿಗಿಯಬೇಕು. ಈ ಸಲ ಸಡಿಲ, ಮುಂದಿನ ಸಲ ಬಿಗಿ ಆದರೆ ಅಡ್ಡಸಾಲು ಹಾವಿನಂತೆ ಆಗುತ್ತದೆ. ಹೊಲ ಸೊಟ್ಟಗಿದ್ದರೆ, ನಡುವೆ ಮರವೋ ಹಳ್ಳವೋ ಇದ್ದರೆ ತಂತಿಯ ಆಟ ನಡೆಯುವುದಿಲ್ಲ. ಕುದುರೆ ಜೋರಾಗಿ ನಡೆದರೆ ಅದೇ ಹಳೆಯ ಐದಾರು ಇಂಚು ಎಂಟಾಗುತ್ತದೆ. ಈ ಸಾಧನ ನೆಲೆ ನಿಂತದ್ದು ಇಲಿನಾಯ್, ಅಯೋವಗಳಂಥ ಚಪ್ಪಟೆ ಬಯಲಿನಲ್ಲಿ ಅನ್ನುವುದು ಕಾಕತಾಳೀಯವಲ್ಲ. ಅಲ್ಲಿ ಸರ್ಕಾರವೇ ನೆಲವನ್ನು ಚೌಕಚೌಕವಾಗಿ ಅಳೆದು ಹಂಚಿತ್ತು. ನಮ್ಮ ಬದುಗಳ ನಡುವೆ, ಎರಡು ಎಕರೆಯ ಮೂಲೆಗಳಲ್ಲಿ ಕಾಲು ಮೈಲಿಯ ತಂತಿಯನ್ನು ಊಹಿಸಿಕೊಂಡರೆ ನಗು ಬರುತ್ತದೆ.

ಎಷ್ಟು ಕಾಳು?

ಎಲ್ಲಿ ಅನ್ನುವುದು ಬಗೆಹರಿದ ಮೇಲೆ ಎಷ್ಟು ಅನ್ನುವುದು ಉಳಿಯಿತು. ಹಲಗೆಯ ಒಂದು ತೂತಿನಲ್ಲಿ ಮೂರು ಕಾಳು ಹಿಡಿಯುವಂತೆ ಮಾಡಿದರೆ, ಸಣ್ಣ ಕಾಳು ನಾಲ್ಕೈದು ಹಿಡಿಯುತ್ತದೆ, ದಪ್ಪ ಕಾಳು ಎರಡೇ. ತೆನೆಯ ತುದಿಯ ಕಾಳು ಸಣ್ಣ, ಬುಡದ್ದು ದಪ್ಪ, ನಡುವಿನದ್ದು ಚಪ್ಪಟೆ. ಅದಕ್ಕೇ ರೈತರು ಬೀಜದ ತೆನೆಯ ತುದಿ, ಬುಡದ ಕಾಳು ಬಿಡಿಸಿ ಬೇರೆ ಇಟ್ಟು, ನಡುವಿನದನ್ನಷ್ಟೇ ಯಂತ್ರಕ್ಕೆ ಹಾಕುತ್ತಿದ್ದರು. ಯಂತ್ರ ಬೀಜಕ್ಕೆ ಹೊಂದಿಕೊಳ್ಳುವ ಮೊದಲು ಬೀಜ ಯಂತ್ರಕ್ಕೆ ಹೊಂದಿಕೊಂಡಿತು.

ಹಿಂದೆಮುಂದೆ ಸರಿಯುವ ಹಲಗೆಯ ಜಾಗಕ್ಕೆ ಸುತ್ತುವ ತಟ್ಟೆ ಬಂತು. ಇಲಿನಾಯ್‌ನ ಮೊಲೀನ್ ಊರಿನಲ್ಲಿ 1877ರಲ್ಲಿ ಶುರುವಾದ ಡೀರ್ ಅಂಡ್ ಮ್ಯಾನ್ಸರ್ ಕಂಪನಿ ಇಂಥ ಯಂತ್ರಗಳಿಗೇ ಹೆಸರಾಯಿತು. ಆಮೇಲೆ ಇನ್ನೊಂದು ಸೂಕ್ಷ್ಮ ಗಮನಕ್ಕೆ ಬಂತು. ಜೋಳದ ಕಾಳಿನ ಅಗಲ, ಉದ್ದ ಬಹಳ ಬದಲಾಗುತ್ತದೆ. ದಪ್ಪ ಅಷ್ಟಾಗಿ ಬದಲಾಗುವುದಿಲ್ಲ. ಹಾಗಿದ್ದರೆ ಕಾಳನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿ ಹಿಡಿದರೆ? ತಟ್ಟೆಯ ಅಂಚಿಗೆ ಒಂದೇ ಕಾಳು ನಿಲ್ಲುವ ಕಚ್ಚು. ಒಂದೊಂದೇ ಕಾಳು ಎಣಿಸಿದಂತೆ ಬಾಗಿಲಿಗೆ ಬಂದು ಬೀಳುತ್ತದೆ, ಮೂರು ಕೂಡಿದ ಮೇಲೆ ತಂತಿಯ ಗುಬಟು ಬಾಗಿಲು ತೆರೆಸುತ್ತದೆ. ಒಂದೇ ಹಿಡಿಗೆ ಮೂರು ಎಂದು ಅಂದಾಜು ಮಾಡುವುದಕ್ಕೂ, ಒಂದೊಂದಾಗಿ ಮೂರು ಎಣಿಸುವುದಕ್ಕೂ ಇರುವ ವ್ಯತ್ಯಾಸ ಇದು. 20ನೇ ಶತಮಾನದ ಆರಂಭದ ಹೊತ್ತಿಗೆ ಒಳ್ಳೆಯ ಯಂತ್ರಗಳಲ್ಲಿ ಈ ಎಣಿಕೆ ಬಂದಿತ್ತು. ಡೀರ್‌ನವರ 999 ಎಂಬ ಯಂತ್ರದಲ್ಲಿ ಸನ್ನೆ ಬದಲಿಸಿ ಗುಣಿಗೆ ಎರಡು, ಮೂರು, ನಾಲ್ಕು ಎಂದು ಹೊಲದಲ್ಲೇ ಬದಲಿಸಿಕೊಳ್ಳಬಹುದಿತ್ತು. ದಿಬ್ಬದ ಬಡ ಮಣ್ಣಿಗೆ ಎರಡು, ತಗ್ಗಿನ ಕೊಬ್ಬಿದ ಮಣ್ಣಿಗೆ ನಾಲ್ಕು. ಕೂರಿಗೆ ಹಿಂದಿನ ಹೆಂಗಸು ಬೆರಳು ಸಡಿಲಿಸಿ, ಬಿಗಿದು ಮಾಡುವುದೂ ಇದನ್ನೇ.

ತಂತಿ ಸುತ್ತಿಟ್ಟ ಕಾಲ

ಎರಡನೇ ಮಹಾಯುದ್ಧದ ನಂತರ ಕಳೆನಾಶಕ ಬಂತು. ಅಷ್ಟರಲ್ಲಿ ಟ್ರ್ಯಾಕ್ಟರೂ ಬಂದಾಗಿತ್ತು, ಅದರ ಓಟಕ್ಕೆ ತಂತಿಯ ಟಕ್ ಟಕ್ ತಾಳ ಹಿಡಿಯಲಾರದು. ಹೈಬ್ರಿಡ್ ಜೋಳಕ್ಕೆ ಗಿಡ ಒತ್ತಾಗಿ ಬೇಕು, ಗುಣಿಗೆ ಮೂರು ಎಂದು ಗುಂಪು ಕಟ್ಟುವುದಕ್ಕಿಂತ ಸಾಲಿನಲ್ಲಿ ಒಂದೊಂದೇ ಹಂಚಿದರೆ ಲೇಸು. ಅಡ್ಡಕ್ಕೆ ಎಡೆ ಹೊಡೆಯುವ ಅಗತ್ಯವೇ ಹೋದ ಮೇಲೆ ಅಡ್ಡಸಾಲು ಯಾಕೆ? 1950ರ ದಶಕದಲ್ಲಿ ತಂತಿಯ ಸುರುಳಿಗಳು ಒಂದೊಂದಾಗಿ ಕೊಟ್ಟಿಗೆ ಗೋಡೆಯ ಮೊಳೆ ಸೇರಿದವು. ಎಣಿಸುವ ತಟ್ಟೆ ಮಾತ್ರ ಮುಂದಿನ ಯಂತ್ರಗಳಿಗೂ ದಾಟಿಕೊಂಡಿತು.

ಕುದುರೆಯ ಮೈ ಅಗಲಕ್ಕೆ ಹೊಂದಿಸಿದ ಆ ಸಾಲಿನ ಅಂತರವೂ ಕುದುರೆಗಿಂತ ಜಾಸ್ತಿ ಕಾಲ ಬಾಳಿತು. ಟ್ರ್ಯಾಕ್ಟರು, ಎಡೆ ಹೊಡೆಯುವ ಸಲಕರಣೆ, ತೆನೆ ಮುರಿಯುವ ಯಂತ್ರ ಎಲ್ಲವನ್ನೂ ಸುಮಾರು 40 ಇಂಚಿನ ಸಾಲಿಗೆ ಕಟ್ಟಿಯಾಗಿತ್ತು. ಒಂದನ್ನು ಬದಲಿಸಿದರೆ ಉಳಿದದ್ದೆಲ್ಲ ಬದಲಿಸಬೇಕು. ಹಾಗಾಗಿ ಸಾಲು 30 ಇಂಚಿಗೆ ಇಳಿಯುವವರೆಗೂ ಇಲಿನಾಯ್‌ನ ಡೀಸೆಲ್ ಯಂತ್ರಗಳು ಇಲ್ಲದ ಕುದುರೆಗೆ ದಾರಿ ಬಿಟ್ಟುಕೊಂಡೇ ಜೋಳ ಊರುತ್ತಿದ್ದವು.